ದೇವಾಲಯಗಳ ಭದ್ರತೆಗೆ ಸರ್ಕಾರಿ ಅನುದಾನ (ಕರ್ನಾಟಕ)

ದೇವಾಲಯಗಳ ಭದ್ರತೆಗೆ ಸರ್ಕಾರಿ ಅನುದಾನ ಎಂದರೆ ದೇವಾಲಯ, ಮಠ, ಧರ್ಮಾದಾಯ ದತ್ತಿ ಮೊದಲಾದ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಕಟ್ಟಡ, ಮೂರ್ತಿ, ಒಡವೆ ಮತ್ತು ಅಲ್ಲಿಗೆ ಬರುವ ಜನರ ರಕ್ಷಣೆಗಾಗಿ ಸರ್ಕಾರವು ನೀಡುವ ಧನಸಹಾಯ. ಆವರಣ ಗೋಡೆ, ಗಟ್ಟಿ ಬಾಗಿಲು, ದೀಪದ ವ್ಯವಸ್ಥೆ, ಸಿಸಿ ಕ್ಯಾಮೆರಾ, ಕಾವಲುಗಾರರ ನೇಮಕ ಇತ್ಯಾದಿಗಳು ಇದರ ವ್ಯಾಪ್ತಿಗೆ ಬರುತ್ತವೆ. ಕರ್ನಾಟಕದಲ್ಲಿ ಇಂತಹ ನೆರವು ಬಹುಮಟ್ಟಿಗೆ ಜೀರ್ಣೋದ್ಧಾರ, ದುರಸ್ತಿ ಮತ್ತು ಅಭಿವೃದ್ಧಿ ಕಾಮಗಾರಿಗಳ ಹೆಸರಿನಲ್ಲಿ ದೊರೆಯುತ್ತದೆ. ಆದುದರಿಂದ ಅರ್ಜಿ ಸಲ್ಲಿಸುವ ಸಂಸ್ಥೆಯು ತನ್ನ ಭದ್ರತೆಯ ಅಗತ್ಯವನ್ನು ಆ ಕಾಮಗಾರಿಗಳ ಅಂದಾಜು ಪಟ್ಟಿಯಲ್ಲಿಯೇ ಸ್ಪಷ್ಟವಾಗಿ ಸೇರಿಸಬೇಕಾಗುತ್ತದೆ.

ಅಗತ್ಯ ಮತ್ತು ಆದಾಯ ಒಂದೇ ಕಡೆ ಇರುವುದಿಲ್ಲ ಎಂಬುದು ಈ ವಿಷಯದ ಮುಖ್ಯ ಸಮಸ್ಯೆ. ಹೆಚ್ಚು ಆದಾಯವಿರುವ ಕೆಲವು ದೇವಾಲಯಗಳು ತಮ್ಮ ಹಣದಿಂದಲೇ ಕಾವಲಿನ ವ್ಯವಸ್ಥೆ ಮಾಡಿಕೊಳ್ಳಬಲ್ಲವು. ಹಳೆಯ ಶಿಲ್ಪ, ಶಾಸನಗಳನ್ನು ಹೊಂದಿದ್ದೂ ಕಾಣಿಕೆಯ ಆದಾಯವಿಲ್ಲದ ಸಾವಿರಾರು ಗ್ರಾಮೀಣ ದೇವಾಲಯಗಳಿಗೆ ಅದು ಸಾಧ್ಯವಿಲ್ಲ.

ಹಿನ್ನೆಲೆ: ಗುತ್ತಲ ಪ್ರದೇಶ

ಹಾವೇರಿ ಜಿಲ್ಲೆಯ ಹಾವೇರಿ ತಾಲ್ಲೂಕಿಗೆ ಸೇರಿದ ಗುತ್ತಲವು ಈ ಸಮಸ್ಯೆಯನ್ನು ಅರಿಯಲು ತಕ್ಕ ಉದಾಹರಣೆಯಾಗಿದೆ. ಶಾಸನಗಳಲ್ಲಿ ಗುತ್ತವೊಳಲು ಎಂದು ಕರೆಯಲ್ಪಟ್ಟಿರುವ ಈ ಊರು ಕಲ್ಯಾಣದ ಚಾಲುಕ್ಯರಿಗೂ ಅನಂತರ ಸೇವುಣರಿಗೂ ಸಾಮಂತರಾಗಿದ್ದ ಗುತ್ತ ಅರಸರ ರಾಜಧಾನಿಯಾಗಿತ್ತು. ಈ ಅರಸರು ತಮ್ಮನ್ನು ಉಜ್ಜಯಿನಿಯ ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡಿದ್ದಾರೆ. ತುಂಗಭದ್ರಾ ತೀರದ ಚೌಡದಾನಪುರದ ಮುಕ್ತೇಶ್ವರ ದೇವಾಲಯದ ಶಾಸನಗಳಲ್ಲಿಯೂ ಅವರ ಉಲ್ಲೇಖವಿದೆ. ವರದಾ ಮತ್ತು ತುಂಗಭದ್ರಾ ನದಿಗಳು ಕೂಡುವ ಗಳಗನಾಥದಲ್ಲಿ ಗಳಗೇಶ್ವರ ದೇವಾಲಯವಿದೆ. ಮುಕ್ತೇಶ್ವರ ಮತ್ತು ಗಳಗೇಶ್ವರ ದೇವಾಲಯಗಳೆರಡೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ.

ಗುತ್ತಲದ ಚಂದ್ರಶೇಖರ ದೇವಾಲಯದ ಆವರಣದಲ್ಲಿ ಇತ್ತೀಚೆಗೆ ಬೆಳಕಿಗೆ ಬಂದ 1539ರ ಶಾಸನವೊಂದು ಬರಗಾಲದಲ್ಲಿ 6,307 ಜನರು ಸತ್ತುದನ್ನೂ ಶವಗಳನ್ನು ಹೂಳಿಸಿದ ಪುಣ್ಯಕಾರ್ಯವನ್ನೂ ದಾಖಲಿಸಿದೆ. ಇಂತಹ ಕಲ್ಲಿಗೆ ಪೇಟೆಯಲ್ಲಿ ಚಿನ್ನದ ಬೆಲೆಯಿಲ್ಲ. ಆದರೆ ಅದು ಒಡೆದರೆ ಅಥವಾ ಕಾಣೆಯಾದರೆ ಮತ್ತೊಂದನ್ನು ತಂದಿಡಲಾಗದು. ದೇವಾಲಯದ ಭದ್ರತೆಯೆಂದರೆ ಹುಂಡಿ ಮತ್ತು ಒಡವೆಗಳ ರಕ್ಷಣೆ ಮಾತ್ರವೆಂಬ ತಿಳಿವಳಿಕೆ ಅಪೂರ್ಣವೆಂಬುದನ್ನು ಈ ಶಾಸನವು ತೋರಿಸುತ್ತದೆ.

ಭದ್ರತೆಯ ಪ್ರಶ್ನೆಯನ್ನು ಮುಂದೆ ತಂದ ಘಟನೆಗಳು

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಕಿಚ್ಚುಗುತ್ತಿ ಮಾರಮ್ಮ ದೇವಾಲಯದಲ್ಲಿ ವಿಷ ಬೆರೆತ ಪ್ರಸಾದವನ್ನು ಸೇವಿಸಿ 17 ಜನರು ಮೃತಪಟ್ಟರು. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಇದಾದ ಬಳಿಕ ಪ್ರಸಾದ ತಯಾರಿಕೆ ಮತ್ತು ವಿತರಣೆಯ ಬಗ್ಗೆ ಮುಜರಾಯಿ ಇಲಾಖೆ ಮಾರ್ಗಸೂಚಿಗಳನ್ನು ಹೊರಡಿಸಿತು. ಅಡುಗೆ ಮನೆಯ ಮೇಲ್ವಿಚಾರಣೆಯೂ ಭದ್ರತೆಯ ಭಾಗವೆಂಬ ಅರಿವು ಆಗ ಮೂಡಿತು.

2019ರ ಜುಲೈನಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿ ಬಳಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದಲ್ಲಿ ವ್ಯಾಸತೀರ್ಥರ ಬೃಂದಾವನವನ್ನು ನಿಧಿಯ ಆಸೆಯಿಂದ ದುಷ್ಕರ್ಮಿಗಳು ರಾತ್ರಿಯ ವೇಳೆ ಒಡೆದರು. ಭಕ್ತರು ಕೆಲವೇ ದಿನಗಳಲ್ಲಿ ಅದನ್ನು ಮತ್ತೆ ಕಟ್ಟಿದರು. ಆರೋಪಿಗಳ ಬಂಧನವೂ ಆಯಿತು. ಜನವಸತಿಯಿಂದ ದೂರವಿರುವ ಪುಣ್ಯಸ್ಥಳಗಳಿಗೆ ರಾತ್ರಿ ಕಾವಲು ಎಷ್ಟು ಅಗತ್ಯವೆಂಬುದಕ್ಕೆ ಈ ಘಟನೆ ನಿದರ್ಶನವಾಯಿತು.

2020ರ ಸೆಪ್ಟೆಂಬರ್ 11ರಂದು ಮಂಡ್ಯ ನಗರದ ಹೊರವಲಯದ ಗುತ್ತಲಿನ ಅರಕೇಶ್ವರ ದೇವಾಲಯದಲ್ಲಿ ರಾತ್ರಿ ಮಲಗಿದ್ದ ಮೂವರು ಅರ್ಚಕರನ್ನು ಕೊಂದು ಹುಂಡಿಯ ಹಣವನ್ನು ದೋಚಲಾಯಿತು. ಸರ್ಕಾರವು ಮೃತರ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. (ಮಂಡ್ಯದ ಈ ಗುತ್ತಲು ಹಾವೇರಿ ಜಿಲ್ಲೆಯ ಗುತ್ತಲಕ್ಕಿಂತ ಬೇರೆಯಾದ ಊರು.) ಪೂಜೆ ಮಾಡುವವರೇ ರಾತ್ರಿ ಕಾವಲನ್ನೂ ಕಾಯುವ ಪದ್ಧತಿ ಅನೇಕ ಊರುಗಳಲ್ಲಿದೆ. ಆ ಪದ್ಧತಿಯ ಅಪಾಯವನ್ನು ಈ ಕೊಲೆಗಳು ಎತ್ತಿ ತೋರಿಸಿದವು.

ಕಾನೂನಿನ ಚೌಕಟ್ಟು

ಧರ್ಮಾದಾಯ ದತ್ತಿಗಳ ಅಧಿನಿಯಮ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಈ ಭಾಗವು ಹಿಂದೆ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಇಲ್ಲಿಯ ದೇವಾಲಯಗಳಿಗೆ 1950ರ ಮುಂಬಯಿ ಸಾರ್ವಜನಿಕ ನ್ಯಾಸಗಳ ಅಧಿನಿಯಮ ಅನ್ವಯವಾಗುತ್ತಿತ್ತು. ಹಳೆಯ ಮೈಸೂರು, ಮದ್ರಾಸ್, ಹೈದರಾಬಾದ್ ಮತ್ತು ಕೊಡಗು ಭಾಗಗಳಲ್ಲಿ ಬೇರೆ ಬೇರೆ ಕಾನೂನುಗಳಿದ್ದವು. ಇವೆಲ್ಲವುಗಳ ಬದಲಿಗೆ ಇಡೀ ರಾಜ್ಯಕ್ಕೆ ಏಕರೂಪವಾಗಿ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಅಧಿನಿಯಮ, 1997 ರೂಪುಗೊಂಡು 2003ರಲ್ಲಿ ಜಾರಿಗೆ ಬಂದಿತು. ಮಠಗಳಿಗೂ ಅವುಗಳಿಗೆ ಸೇರಿದ ದೇವಾಲಯಗಳಿಗೂ ಈ ಅಧಿನಿಯಮ ಅನ್ವಯಿಸುವುದಿಲ್ಲ.

ಅಧಿಸೂಚಿತ ದೇವಾಲಯಗಳನ್ನು ವಾರ್ಷಿಕ ಆದಾಯದ ಆಧಾರದ ಮೇಲೆ ಮೂರು ಪ್ರವರ್ಗಗಳಾಗಿ ವಿಂಗಡಿಸಲಾಗಿದೆ.

• ಎ ಪ್ರವರ್ಗ: 25 ಲಕ್ಷ ರೂಪಾಯಿಗಳಿಗಿಂತ ಹೆಚ್ಚು ಆದಾಯವುಳ್ಳವು
• ಬಿ ಪ್ರವರ್ಗ: 5 ಲಕ್ಷದಿಂದ 25 ಲಕ್ಷ ರೂಪಾಯಿಗಳವರೆಗೆ ಆದಾಯವುಳ್ಳವು
• ಸಿ ಪ್ರವರ್ಗ: 5 ಲಕ್ಷ ರೂಪಾಯಿಗಳನ್ನು ಮೀರದ ಆದಾಯವುಳ್ಳವು

ರಾಜ್ಯದ ಸುಮಾರು 34,500 ಮುಜರಾಯಿ ದೇವಾಲಯಗಳಲ್ಲಿ ಎ ಮತ್ತು ಬಿ ಪ್ರವರ್ಗಗಳಲ್ಲಿ ತಲಾ ಸುಮಾರು 200 ಮಾತ್ರ ಇವೆ. ಉಳಿದ 34 ಸಾವಿರಕ್ಕೂ ಹೆಚ್ಚು ದೇವಾಲಯಗಳು ಸಿ ಪ್ರವರ್ಗಕ್ಕೆ ಸೇರುತ್ತವೆ. ಸಿ ಪ್ರವರ್ಗದ ದೇವಾಲಯಗಳಿಗೆ ಪೂಜಾ ವೆಚ್ಚಕ್ಕಾಗಿ ನೀಡುವ ತಸ್ತೀಕ್ ಮೊತ್ತವನ್ನು 2025–26ರ ಆಯವ್ಯಯದಲ್ಲಿ ವರ್ಷಕ್ಕೆ 60,000 ರೂಪಾಯಿಗಳಿಂದ 72,000 ರೂಪಾಯಿಗಳಿಗೆ ಹೆಚ್ಚಿಸಲಾಯಿತು. ಎಂದರೆ ತಿಂಗಳಿಗೆ 6,000 ರೂಪಾಯಿ. ಪೂಜೆಯ ಖರ್ಚಿಗೆಂದು ಬರುವ ಈ ಹಣದಲ್ಲಿ ಕಾವಲುಗಾರನೊಬ್ಬನಿಗೆ ಸಂಬಳ ಕೊಡುವುದು ಸಾಧ್ಯವಾಗುವುದಿಲ್ಲ.

ಸಾರ್ವಜನಿಕ ಸುರಕ್ಷತಾ ಕ್ರಮಗಳ ಅಧಿನಿಯಮ

ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳು) ಜಾರಿ ಅಧಿನಿಯಮ, 2017ರ ಪ್ರಕಾರ ಒಂದೇ ವೇಳೆಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸ್ಥಳಗಳಲ್ಲಿ ಸಿಸಿ ಕ್ಯಾಮೆರಾಗಳನ್ನು ಅಳವಡಿಸಬೇಕು. ದೃಶ್ಯಗಳನ್ನು 30 ದಿನ ಕಾಯ್ದಿಡಬೇಕು. ಧಾರ್ಮಿಕ ಸ್ಥಳಗಳೂ ಶಿಕ್ಷಣ ಸಂಸ್ಥೆಗಳೂ ಆಸ್ಪತ್ರೆಗಳೂ ಇದರ ವ್ಯಾಪ್ತಿಯಲ್ಲಿವೆ. ಕ್ಯಾಮೆರಾ ಅಳವಡಿಸುವ ಹೊಣೆ ಸಂಸ್ಥೆಯದೇ ಆಗಿದ್ದು, ತಪ್ಪಿದಲ್ಲಿ ದಂಡಕ್ಕೆ ಅವಕಾಶವಿದೆ. ಅನುದಾನ ಬರಲಿಲ್ಲವೆಂಬುದು ಈ ಹೊಣೆಯಿಂದ ಬಿಡುಗಡೆಗೆ ಕಾರಣವಾಗದು.

ಪುರಾವಸ್ತು ಮತ್ತು ಸ್ಮಾರಕ ಕಾನೂನುಗಳು

ಪುರಾವಸ್ತು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರ ಅಡಿಯಲ್ಲಿ ನೂರು ವರ್ಷಗಳಿಗಿಂತ ಹಳೆಯದಾದ ಕಲ್ಲು ಹಾಗೂ ಲೋಹದ ಶಿಲ್ಪಗಳು ಮುಂತಾದ ಅಧಿಸೂಚಿತ ವರ್ಗಗಳ ವಸ್ತುಗಳನ್ನು ಛಾಯಾಚಿತ್ರ ಸಹಿತ ನೋಂದಾಯಿಸಬೇಕು. ರಾಷ್ಟ್ರೀಯ ಮಹತ್ವದ ಸ್ಮಾರಕಗಳಿಗೆ 1958ರ ಕೇಂದ್ರ ಅಧಿನಿಯಮವೂ ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮವೂ ಅನ್ವಯಿಸುತ್ತವೆ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಆದುದರಿಂದ ಗಳಗನಾಥ ಅಥವಾ ಚೌಡದಾನಪುರದಂತಹ ಕಡೆಗಳಲ್ಲಿ ಊರಿನ ಸಮಿತಿಯು ತಾನಾಗಿಯೇ ಗೋಡೆ ಕಟ್ಟುವಂತಿಲ್ಲ; ಕ್ಯಾಮೆರಾಕ್ಕಾಗಿ ಕಂಬಗಳಿಗೆ ಮೊಳೆ ಹೊಡೆಯುವಂತಿಲ್ಲ. ಪುರಾತತ್ತ್ವ ಇಲಾಖೆಯ ಅನುಮತಿ ಮೊದಲು ಬೇಕು.

ಸಂವಿಧಾನದ ನೆಲೆ

ಯಾವುದೇ ಒಂದು ಧರ್ಮದ ಪ್ರಚಾರ ಅಥವಾ ಪೋಷಣೆಗೆಂದೇ ವಿಧಿಸಿದ ತೆರಿಗೆಯನ್ನು ಕೊಡುವಂತೆ ಯಾರನ್ನೂ ಒತ್ತಾಯಿಸಬಾರದೆಂದು ಸಂವಿಧಾನದ 27ನೆಯ ವಿಧಿ ಹೇಳುತ್ತದೆ. ಸಾರ್ವಜನಿಕ ಉದ್ದೇಶಕ್ಕಾಗಿ ಅನುದಾನ ನೀಡಲು 282ನೆಯ ವಿಧಿ ಅವಕಾಶ ಕೊಡುತ್ತದೆ. 2002ರ ಗಲಭೆಗಳಲ್ಲಿ ಹಾನಿಗೊಂಡ ಧಾರ್ಮಿಕ ಕಟ್ಟಡಗಳ ಬಗೆಗಿನ ಗುಜರಾತ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ, ಪುನರ್ನಿರ್ಮಾಣದ ಪೂರ್ಣ ವೆಚ್ಚವನ್ನು ಭರಿಸಬೇಕೆಂಬ ಉಚ್ಚ ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿ, ಗರಿಷ್ಠ 50,000 ರೂಪಾಯಿಗಳ ನೆರವು ನೀಡುವ ರಾಜ್ಯದ ಯೋಜನೆಯನ್ನು ಒಪ್ಪಿತು.

ಅನುದಾನದ ಮೂಲಗಳು

ಸಾಮಾನ್ಯ ಸಂಗ್ರಹಣಾ ನಿಧಿ: 2011ರ ತಿದ್ದುಪಡಿಯಂತೆ 10 ಲಕ್ಷ ರೂಪಾಯಿಗಳಿಗಿಂತ ಹೆಚ್ಚು ಆದಾಯವಿರುವ ಅಧಿಸೂಚಿತ ದೇವಾಲಯಗಳು ನಿವ್ವಳ ಆದಾಯದ ಶೇ. 10ನ್ನೂ, 5ರಿಂದ 10 ಲಕ್ಷದವರೆಗಿನ ಆದಾಯವುಳ್ಳವು ಶೇ. 5ನ್ನೂ ಈ ನಿಧಿಗೆ ನೀಡುವ ವ್ಯವಸ್ಥೆ ಏರ್ಪಟ್ಟಿತು. ಅದರಿಂದ ಆದಾಯ ಕಡಿಮೆಯಿರುವ ಸಂಸ್ಥೆಗಳಿಗೆ ನೆರವು ದೊರೆಯುತ್ತದೆ.

ಆರಾಧನಾ ಯೋಜನೆ: 1991–92ರಿಂದ ನಡೆದುಬಂದಿರುವ ಈ ಯೋಜನೆಯು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಇತರ ಸಮುದಾಯಗಳ ಸಣ್ಣ ಪೂಜಾಸ್ಥಳಗಳ ದುರಸ್ತಿ ಮತ್ತು ಅಭಿವೃದ್ಧಿಗೆ ನೆರವಾಗುತ್ತದೆ. ಫಲಾನುಭವಿ ಸಂಸ್ಥೆಗಳ ಆಯ್ಕೆಯಲ್ಲಿ ಸ್ಥಳೀಯ ಶಾಸಕರ ಪಾತ್ರ ಮುಖ್ಯವಾದುದು.

ಜೀರ್ಣೋದ್ಧಾರದಲ್ಲಿ ಸಹಭಾಗಿತ್ವ: ಹಳೆಯ ದೇವಾಲಯಗಳ ಜೀರ್ಣೋದ್ಧಾರದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ರಾಜ್ಯದ ಪುರಾತತ್ತ್ವ ಇಲಾಖೆಯೊಂದಿಗೆ ಕೈಜೋಡಿಸಿದೆ. ಸರ್ಕಾರ ಶೇ. 40, ಟ್ರಸ್ಟ್ ಶೇ. 40 ಮತ್ತು ಊರಿನವರು ಶೇ. 20ರಷ್ಟು ವೆಚ್ಚವನ್ನು ಭರಿಸುವುದು ಇದರ ಪದ್ಧತಿ. ಕಟ್ಟಡ ಗಟ್ಟಿಯಾಗುವುದೂ ಆವರಣ ಸ್ವಚ್ಛವಾಗಿ ಜನಸಂಚಾರ ಹೆಚ್ಚುವುದೂ ರಕ್ಷಣೆಗೆ ಸಹಾಯಕವಾಗುತ್ತವೆ.

ಇತರ ಧರ್ಮಗಳ ಸಂಸ್ಥೆಗಳು: ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೂಲಕ ವಕ್ಫ್ ಆಸ್ತಿಗಳ ಹಾಗೂ ಖಬರಸ್ತಾನಗಳ ಆವರಣ ಗೋಡೆಗಳಿಗೆ, ಚರ್ಚುಗಳ ದುರಸ್ತಿಗೆ ಮತ್ತು ಕ್ರೈಸ್ತ ಸ್ಮಶಾನಗಳ ರಕ್ಷಣೆಗೆ ನೆರವು ನೀಡುವ ಯೋಜನೆಗಳು ನಡೆದಿವೆ.

ಸಂಸದರ ನಿಧಿ: ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯ ಮಾರ್ಗಸೂಚಿಗಳಂತೆ ಪೂಜಾಸ್ಥಳಗಳ ಒಳಗೆ ಕಾಮಗಾರಿಗಳನ್ನು ಕೈಗೊಳ್ಳುವಂತಿಲ್ಲ. ಅರಿಯದೆ ಈ ನಿಧಿಗೆ ಅರ್ಜಿ ಹಾಕುವ ಸಂಸ್ಥೆಗಳ ಕಾಲ ವ್ಯರ್ಥವಾಗುತ್ತದೆ.

ಅರ್ಜಿಗೆ ಮುನ್ನ ಸಿದ್ಧತೆ

ಯಾವುದನ್ನು ಯಾರಿಂದ ಕಾಪಾಡಬೇಕು ಎಂಬುದು ಗೊತ್ತಿಲ್ಲದೆ ಮಾಡಿದ ಬೇಡಿಕೆ ದುರ್ಬಲವಾಗಿರುತ್ತದೆ. ಆದುದರಿಂದ ಅರ್ಜಿಯ ಮೊದಲ ಹೆಜ್ಜೆ ಸ್ವತ್ತುಗಳ ಪಟ್ಟಿ. ಪ್ರತಿಯೊಂದು ಮೂರ್ತಿ, ಉತ್ಸವಮೂರ್ತಿ, ಪ್ರಭಾವಳಿ, ಗಂಟೆ, ಒಡವೆ, ಶಾಸನ, ವೀರಗಲ್ಲು ಮತ್ತು ತಾಡವೋಲೆಗಳ ಅಳತೆ, ತೂಕ, ಗುರುತು ಹಾಗೂ ಇರುವ ಜಾಗವನ್ನು ಬರೆದು, ಮುಂದಿನಿಂದ, ಹಿಂದಿನಿಂದ ಮತ್ತು ಪಕ್ಕದಿಂದ ಛಾಯಾಚಿತ್ರ ತೆಗೆಯಬೇಕು. ಒಡೆದ ಅಂಚು, ಸವೆದ ಅಕ್ಷರ ಮುಂತಾದ ವಿಶೇಷ ಗುರುತುಗಳನ್ನು ಬಿಡದೆ ದಾಖಲಿಸಬೇಕು. ಕಳವಾದ ಮೂರ್ತಿ ಮುಂದೊಂದು ದಿನ ಪತ್ತೆಯಾದಾಗ ಅದು ತಮ್ಮ ಊರಿನದೆಂದು ಸಾಧಿಸಲು ಇಂತಹ ಗುರುತುಗಳು ಆಧಾರವಾಗುತ್ತವೆ. ಈ ಕೆಲಸಕ್ಕೆ ಅನುದಾನಕ್ಕಾಗಿ ಕಾಯಬೇಕಾಗಿಲ್ಲ.

ಎರಡನೆಯದು ದೋಷಗಳ ಪರಿಶೀಲನೆ. ಹಗಲಿನಲ್ಲಿ ಒಮ್ಮೆ, ಕತ್ತಲಾದ ಮೇಲೆ ಇನ್ನೊಮ್ಮೆ ಆವರಣವನ್ನು ಸುತ್ತಿ ನೋಡಿ, ಬೆಳಕಿಲ್ಲದ ಮೂಲೆ, ಸಡಿಲವಾದ ಚಿಲಕ, ಗೋಡೆ ಕುಸಿದ ಜಾಗ, ಮಾಳಿಗೆಗೆ ಹತ್ತಲು ಅನುಕೂಲವಾದ ಮರ ಇವುಗಳನ್ನು ಗುರುತಿಸಬೇಕು. ಸ್ಥಳೀಯ ಪೊಲೀಸ್ ಠಾಣೆಯ ಅಧಿಕಾರಿಯನ್ನು ಕರೆದು ತೋರಿಸಿ ಲಿಖಿತ ಅಭಿಪ್ರಾಯ ಪಡೆದರೆ ಅರ್ಜಿಗೆ ಬಲ ಬರುತ್ತದೆ. ಹಿಂದೆ ಕಳವು ನಡೆದಿದ್ದಲ್ಲಿ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಲಗತ್ತಿಸಬೇಕು.

ಅರ್ಜಿ ಸಲ್ಲಿಸುವ ಕ್ರಮ

ಮುಜರಾಯಿ ದೇವಾಲಯಗಳ ಸಂಬಂಧದಲ್ಲಿ ತಾಲ್ಲೂಕು ಮಟ್ಟದಲ್ಲಿ ತಹಶೀಲ್ದಾರರೂ ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿಗಳೂ ಜವಾಬ್ದಾರರು. ಗುತ್ತಲದ ದೇವಾಲಯಕ್ಕೆ ಹಾವೇರಿ ತಹಶೀಲ್ದಾರರ ಕಚೇರಿ ಮೊದಲ ಮೆಟ್ಟಿಲು. ನೆರೆಯ ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕುಗಳ ಊರುಗಳಿಗೆ ಆಯಾ ತಾಲ್ಲೂಕು ಕಚೇರಿ. ಸಾಮಾನ್ಯ ಕ್ರಮ ಹೀಗಿರುತ್ತದೆ:

1. ವ್ಯವಸ್ಥಾಪನಾ ಸಮಿತಿ ಅಥವಾ ಊರ ದೈವದವರು ಸಭೆ ಸೇರಿ, ಬೇಕಾದ ಕಾಮಗಾರಿಗಳನ್ನು ಹೆಸರಿಸಿ ಠರಾವು ಮಾಡುವುದು.
2. ಜಾಗದ ಪಹಣಿ (ಈ ಭಾಗದ ರೂಢಿಯಲ್ಲಿ ಉತಾರ) ಅಥವಾ ಪಟ್ಟಣ ಪಂಚಾಯಿತಿಯ ಆಸ್ತಿ ದಾಖಲೆ, ನಕ್ಷೆ ಮತ್ತು ಸಂಸ್ಥೆಯ ನೋಂದಣಿ ಪತ್ರಗಳನ್ನು ಒಟ್ಟುಗೂಡಿಸುವುದು.
3. ಸರ್ಕಾರಿ ಇಂಜಿನಿಯರರಿಂದ ಅಂದಾಜು ಪಟ್ಟಿ ಮಾಡಿಸುವುದು. ದೀಪ, ಬಾಗಿಲು, ಗೋಡೆ, ಕ್ಯಾಮೆರಾಗಳ ವೆಚ್ಚವನ್ನು ಪ್ರತ್ಯೇಕ ಬಾಬುಗಳಾಗಿ ತೋರಿಸುವುದು ಲೇಸು.
4. ಸ್ವತ್ತುಗಳ ಪಟ್ಟಿ, ಛಾಯಾಚಿತ್ರ, ಲೆಕ್ಕಪತ್ರ ಮತ್ತು ಬ್ಯಾಂಕ್ ಖಾತೆಯ ವಿವರಗಳೊಡನೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.
5. ತಹಶೀಲ್ದಾರರ ವರದಿಯು ಜಿಲ್ಲಾಧಿಕಾರಿಗಳ ಮೂಲಕ ಬೆಂಗಳೂರಿನಲ್ಲಿರುವ ಆಯುಕ್ತರ ಕಚೇರಿಗೆ ಹೋಗುವುದು.
6. ಮಂಜೂರಾತಿ ಆದೇಶದ ಷರತ್ತುಗಳಂತೆ ಕೆಲಸ ಮಾಡಿಸಿ, ರಸೀದಿ, ಛಾಯಾಚಿತ್ರ ಮತ್ತು ಹಣ ಬಳಕೆ ಪ್ರಮಾಣಪತ್ರವನ್ನು ಒಪ್ಪಿಸುವುದು.

ಬಳಕೆ ಪ್ರಮಾಣಪತ್ರ ಸಲ್ಲಿಸದಿದ್ದರೆ ಮುಂದಿನ ಕಂತು ನಿಲ್ಲಬಹುದು. ಅರ್ಜಿಯು ಯಾವ ಹಂತದಲ್ಲಿದೆಯೆಂಬುದನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿಯಲ್ಲಿ ಕೇಳಿ ತಿಳಿಯಬಹುದು. ಕೇಂದ್ರ ಸರ್ಕಾರದ ಅನುದಾನ ಬಯಸುವ ಸ್ವಯಂಸೇವಾ ಸಂಸ್ಥೆಗಳು ನೀತಿ ಆಯೋಗದ ದರ್ಪಣ್ ಜಾಲತಾಣದಲ್ಲಿ ನೋಂದಾಯಿಸಿಕೊಂಡಿರಬೇಕು.

ಕಡಿಮೆ ವೆಚ್ಚದ ಕ್ರಮಗಳು

ಕ್ಯಾಮೆರಾ ಕಳ್ಳನನ್ನು ತಡೆಯುವುದಕ್ಕಿಂತ ಹೆಚ್ಚಾಗಿ ಕಳ್ಳತನವನ್ನು ದಾಖಲಿಸುತ್ತದೆ. ವಿದ್ಯುತ್ ಹೋದಾಗ ಅದು ನಿಂತುಹೋಗದಂತೆ ಬ್ಯಾಟರಿ ಬೇಕು. ದೃಶ್ಯಗಳನ್ನು ಸಂಗ್ರಹಿಸುವ ಪೆಟ್ಟಿಗೆಯನ್ನು ಕಣ್ಣಿಗೆ ಬೀಳದ, ಬೀಗ ಹಾಕಿದ ಕಡೆ ಇಡಬೇಕು. ವರ್ಷದ ನಿರ್ವಹಣೆಗೆ ಹಣ ತೆಗೆದಿರಿಸಬೇಕು. ಅನುದಾನವು ಒಮ್ಮೆ ಮಾತ್ರ ಬರುತ್ತದೆ. ನಿರ್ವಹಣೆಯ ವೆಚ್ಚ ಪ್ರತಿ ವರ್ಷವೂ ಇರುತ್ತದೆ. ಕೆಟ್ಟುನಿಂತ ಕ್ಯಾಮೆರಾ ಸುರಕ್ಷಿತವಾಗಿದ್ದೇವೆಂಬ ಹುಸಿ ನಂಬಿಕೆಯನ್ನು ಹುಟ್ಟಿಸುವುದರಿಂದ ಇನ್ನಷ್ಟು ಅಪಾಯಕಾರಿ.

ಹುಂಡಿಯನ್ನು ನೆಲಕ್ಕೆ ಭದ್ರವಾಗಿ ಕೂರಿಸುವುದು, ಅಧಿಕಾರಿಗಳ ಸಮಕ್ಷಮದಲ್ಲಿ ಆಗಾಗ ಎಣಿಕೆ ಮಾಡಿ ಹಣವನ್ನು ಬ್ಯಾಂಕಿಗೆ ಕಟ್ಟುವುದು, ಹುಂಡಿಯಲ್ಲಿ ಹಣ ಉಳಿಸಿಲ್ಲವೆಂದು ಫಲಕ ಹಾಕುವುದು ಇವುಗಳಿಗೆ ಹೆಚ್ಚಿನ ಖರ್ಚಿಲ್ಲ. ಬೆಲೆಬಾಳುವ ಒಡವೆಗಳನ್ನು ಗುಡಿಯಲ್ಲಿ ಇಡದಿರುವುದು ಹಳೆಯ ಸಂಪ್ರದಾಯವೇ ಆಗಿದೆ. ಮೇಲುಕೋಟೆಯ ವೈರಮುಡಿ ಕಿರೀಟವು ಮಂಡ್ಯದ ಖಜಾನೆಯಲ್ಲಿದ್ದು, ಉತ್ಸವದ ದಿನ ಪೊಲೀಸ್ ಕಾವಲಿನಲ್ಲಿ ದೇವಾಲಯಕ್ಕೆ ಬರುತ್ತದೆ. ಸಣ್ಣ ಊರುಗಳಿಗೆ ಬ್ಯಾಂಕಿನ ಲಾಕರ್ ಇದೇ ಅನುಕೂಲವನ್ನು ಒದಗಿಸಬಲ್ಲದು. ರಾತ್ರಿ ಗುಡಿಯಲ್ಲಿ ಮಲಗುವವರಿಗೆ ಒಳಗಿನಿಂದ ಭದ್ರಪಡಿಸಬಹುದಾದ ಕೋಣೆ ಮತ್ತು ಸೈರನ್ ಇರಬೇಕು. ತುರ್ತು ಸಂದರ್ಭದಲ್ಲಿ 112 ಸಂಖ್ಯೆಗೆ ಕರೆ ಮಾಡುವ ಅಭ್ಯಾಸ ಇರಬೇಕು. ಹಣಕ್ಕಾಗಿ ಪ್ರಾಣವನ್ನು ಪಣಕ್ಕಿಡುವ ಹೊಣೆ ಅರ್ಚಕರ ಮೇಲೆ ಬೀಳಬಾರದು.

ಇತರ ದೇಶಗಳಲ್ಲಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಭದ್ರತೆಗೆಂದೇ ಪ್ರತ್ಯೇಕವಾದ ‘ನಾನ್‌ಪ್ರಾಫಿಟ್ ಸೆಕ್ಯುರಿಟಿ ಗ್ರಾಂಟ್ ಪ್ರೋಗ್ರಾಂ’ ಎಂಬ ಯೋಜನೆ 2005ರಿಂದ ಇದೆ. ಭಯೋತ್ಪಾದಕ ಹಾಗೂ ಇತರ ದಾಳಿಗಳ ಅಪಾಯವಿರುವ ಲಾಭರಹಿತ ಸಂಸ್ಥೆಗಳಿಗೆ ನೀಡುವ ಈ ನೆರವನ್ನು ಫೆಮಾ ಎಂಬ ತುರ್ತು ನಿರ್ವಹಣಾ ಸಂಸ್ಥೆ ನೋಡಿಕೊಳ್ಳುತ್ತದೆ. 2023ರ ಆರ್ಥಿಕ ವರ್ಷದಲ್ಲಿ ಇದಕ್ಕೆ 30.5 ಕೋಟಿ ಡಾಲರ್ ಒದಗಿಸಲಾಗಿತ್ತು; ಒಂದು ಸ್ಥಳಕ್ಕೆ ಗರಿಷ್ಠ 1.5 ಲಕ್ಷ ಡಾಲರ್ ದೊರೆಯುತ್ತಿತ್ತು. ಸಂಸ್ಥೆಯು ತನ್ನ ದೌರ್ಬಲ್ಯಗಳ ಮೌಲ್ಯಮಾಪನವನ್ನೂ ಖರ್ಚಿನ ಸಮರ್ಥನೆಯನ್ನೂ ತನ್ನ ರಾಜ್ಯದ ಆಡಳಿತ ಸಂಸ್ಥೆಗೆ ಸಲ್ಲಿಸಬೇಕು. ಸಾಮಾನ್ಯವಾಗಿ ಹಣವನ್ನು ಮೊದಲು ಖರ್ಚು ಮಾಡಿ ಅನಂತರ ಮರಳಿ ಪಡೆಯಬೇಕು. ಅಲ್ಲಿ ನೆಲೆಸಿರುವ ಕನ್ನಡಿಗರು ನಡೆಸುವ ದೇವಾಲಯಗಳೂ ಕನ್ನಡ ಕೂಟಗಳೂ ತೆರಿಗೆ ವಿನಾಯಿತಿಯ ಲಾಭರಹಿತ ಸಂಸ್ಥೆಗಳಾಗಿದ್ದು ಉಳಿದ ಷರತ್ತುಗಳನ್ನು ಪೂರೈಸಿದಲ್ಲಿ ಅರ್ಜಿ ಸಲ್ಲಿಸಬಹುದು. ಬ್ರಿಟನ್ನಿನಲ್ಲಿ 2016ರಿಂದ ಪೂಜಾಸ್ಥಳಗಳ ರಕ್ಷಣೆಗೆ ಗೃಹ ಇಲಾಖೆಯ ಯೋಜನೆಯಿದ್ದು, ಹಿಂದೂ ದೇವಾಲಯಗಳೂ ಗುರುದ್ವಾರಗಳೂ ಅದರ ವ್ಯಾಪ್ತಿಗೆ ಬರುತ್ತವೆ.

ಆ ದೇಶಗಳ ಯೋಜನೆಗಳು ಮುಖ್ಯವಾಗಿ ದ್ವೇಷದ ದಾಳಿಯಿಂದ ಜನರನ್ನು ಕಾಪಾಡುವ ಉದ್ದೇಶದಿಂದ ಹುಟ್ಟಿದವು. ಕರ್ನಾಟಕದ ಗ್ರಾಮೀಣ ದೇವಾಲಯಗಳಿಗೆ ಇರುವ ಅಪಾಯ ಬಹುಮಟ್ಟಿಗೆ ಕಳವು, ನಿಧಿಶೋಧ ಮತ್ತು ಅನಾದರದಿಂದ ಬರುವಂಥದು. ಆದರೂ ಅಪಾಯದ ಲಿಖಿತ ಮೌಲ್ಯಮಾಪನವನ್ನು ಅರ್ಜಿಯ ತಳಹದಿಯಾಗಿ ಕೇಳುವ ಅಲ್ಲಿಯ ಪದ್ಧತಿ ಇಲ್ಲಿಯೂ ಉಪಯುಕ್ತವಾದುದು.

ಮಿತಿಗಳು

ಕಾಮಗಾರಿಗೆ ದೊರೆಯುವ ಅನುದಾನದಿಂದ ಗೋಡೆ ಕಟ್ಟಬಹುದು; ಕಾವಲುಗಾರನ ಪ್ರತಿ ತಿಂಗಳ ಸಂಬಳವನ್ನು ಅದರಿಂದ ಕೊಡುವುದು ಕಷ್ಟ. ಖಾಸಗಿ ಮನೆತನಗಳ ಅಥವಾ ಊರಿನವರ ಅಧೀನದಲ್ಲಿದ್ದು ಅಧಿಸೂಚಿತವಾಗದ ಗುಡಿಗಳು ಮುಜರಾಯಿ ನೆರವಿನಿಂದ ದೂರ ಉಳಿಯಬಹುದು. ಹೊಲಗಳ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಬಿದ್ದಿರುವ ವೀರಗಲ್ಲು, ಮಾಸ್ತಿಗಲ್ಲು ಮತ್ತು ಶಾಸನಗಳ ಪರವಾಗಿ ಅರ್ಜಿ ಹಾಕುವ ಸಮಿತಿಯೇ ಇರುವುದಿಲ್ಲ. ಅಂತಹ ಕಡೆಗಳಲ್ಲಿ ಪಟ್ಟಿ ಮಾಡುವುದು, ಛಾಯಾಚಿತ್ರ ತೆಗೆದಿಡುವುದು, ಪುರಾತತ್ತ್ವ ಇಲಾಖೆಗೆ ತಿಳಿಸುವುದು ಮತ್ತು ಊರಿನವರೇ ಕಣ್ಣಿಟ್ಟು ನೋಡಿಕೊಳ್ಳುವುದು ಸದ್ಯಕ್ಕಿರುವ ರಕ್ಷಣೆಯಾಗಿದೆ.